ಸೊಲ್ಲು ಹಿಡಿಯುವವರು

ಕಾಫಿಯ ಹಣ್ಣು ಗಿಡದಲ್ಲಿ ಕೆಂಪೇರತೊಡಗುವ ಕಾಲಕ್ಕೆ ಸರಿಯಾಗಿ ಮಲೆನಾಡಿಗೆ ದೀಪಾವಳಿ ಬರುತ್ತದೆ. ಮಳೆಗಾಲ ಹಿಂದೆ ಸರಿದಿದ್ದರೂ ಮರದ ಹನಿ ನಿಂತಿರುವುದಿಲ್ಲ. ಬಲಿಪಾಡ್ಯಮಿಯ ರಾತ್ರಿ ಊಟ ಮುಗಿದು, ಹೆಬ್ಬಾಗಿಲಿಗೆ ಅಗುಳಿ ಹಾಕಿ, ಮಲಗುವುದೋ ಬೇಡವೋ ಎಂದು ಮನೆಯವರು ಕುಳಿತಿರುವ ಹೊತ್ತಿಗೆ ಗದ್ದೆಯ ಅಂಚಿನಲ್ಲಿ ಒಂದು ಬೆಳಕು ಕಾಣಿಸಿಕೊಳ್ಳುತ್ತದೆ. ಬೆಳಕಿನ ಹಿಂದೆ ಹತ್ತು ಹನ್ನೆರಡು ಮಂದಿಯ ದನಿ. ನಾಯಿ ಬೊಗಳುತ್ತದೆ, ಮಕ್ಕಳು ಕಂಬಳಿಯಿಂದ ತಲೆ ಹೊರಹಾಕುತ್ತಾರೆ. ಅಂಗಳಕ್ಕೆ ಬಂದವರು ಬಾಗಿಲು ಬಡಿಯುವುದಿಲ್ಲ. ಬಾಗಿಲು ತೆರೆಯಿರೆಂದು ಹಾಡುತ್ತಾರೆ.

ಇದೇ ಅಂಟಿಗೆ-ಪಂಟಿಗೆ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನಲ್ಲಿ, ಅದರಲ್ಲೂ ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿಗಳ ಸೀಮೆಯಲ್ಲಿ ಬಹು ಕಾಲದಿಂದ ನಡೆದುಬಂದಿರುವ ಪದ್ಧತಿ. ದೇವಸ್ಥಾನದಲ್ಲಿ ಹೊತ್ತಿಸಿಕೊಂಡ ದೀಪವನ್ನು ಆರದಂತೆ ಕಾಪಾಡುತ್ತ ಮನೆಯಿಂದ ಮನೆಗೆ ಒಯ್ಯುವುದು. ಪ್ರತಿ ಮನೆಯ ಗೃಹಿಣಿಯೂ ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತನ್ನ ಮನೆಯ ದೀಪವನ್ನು ಹೊತ್ತಿಸಿಕೊಳ್ಳುವುದು. ಬಂದವರಿಗೆ ಅಕ್ಕಿ, ಕಾಯಿ, ಕಾಸು, ಹಬ್ಬದ ಕಜ್ಜಾಯಗಳನ್ನು ಕೊಟ್ಟು ಕಳುಹುವುದು. ಇಷ್ಟು ಇದರ ಹೊರಗಿನ ವಿವರ. ಬಾಗಿಲು ತೆರೆಯಿಸುವುದಕ್ಕೆ ಒಂದು ಹಾಡು, ಎಣ್ಣೆ ಎರೆಯಿಸುವುದಕ್ಕೆ ಒಂದು, ಬಲಿರಾಯನ ಕಥೆಗೆ ಒಂದು, ಹರಸಿ ಹೊರಡುವುದಕ್ಕೆ ಇನ್ನೊಂದು. ರಾತ್ರಿಯಿಡೀ ನಡೆದರೂ ಮುಗಿಯದಷ್ಟು ಹಾಡು ಆ ತಂಡದ ಬಾಯಲ್ಲಿರುತ್ತದೆ.

ಹಾಡುವವರು ಯಾರು? ಗದ್ದೆಯ ಒಕ್ಕಲು, ಅಡಕೆಯ ಕೊನೆಗಾರ, ತೋಟದ ಆಳು, ಅಂಗಡಿಯವನು, ಶಾಲೆಯ ಮೇಷ್ಟರು. ಸಂಗೀತವನ್ನು ಗುರುಮುಖೇನ ಕಲಿತವರು ಈ ಗುಂಪಿನಲ್ಲಿ ವಿರಳ. ಆದರೂ ಅಲ್ಲಿ ಒಂದು ವ್ಯವಸ್ಥೆ ಉಂಟು. ಮುಂದೆ ಇಬ್ಬರು ಹಾಡನ್ನು ಎತ್ತಿಕೊಡುತ್ತಾರೆ. ಉಳಿದವರು ಹಿಂದಿನಿಂದ ಅದನ್ನು ಎತ್ತಿಕೊಂಡು ಮರಳಿ ಹಾಡುತ್ತಾರೆ. ಮುಂದಿನ ಇಬ್ಬರಿಗೆ ಹಾಡೆಲ್ಲ ಬಾಯಿಪಾಠವಾಗಿರಬೇಕು, ದನಿ ಗಟ್ಟಿಯಾಗಿರಬೇಕು, ನಡುರಾತ್ರಿ ಮೀರಿದ ಮೇಲೂ ಕುಗ್ಗದ ಉಸಿರಿರಬೇಕು. ಹಿಂದಿನವರಿಗೆ ಅಂಥ ನಿರ್ಬಂಧವಿಲ್ಲ. ಸೊಲ್ಲು ಹಿಡಿದರಾಯಿತು. ಹೊಸಬನಾದ ಹುಡುಗ ಮೊದಲ ವರ್ಷ ಕೊನೆಯವನಾಗಿ ನಡೆಯುತ್ತಾನೆ. ಅರ್ಧ ಮಾತು ನುಂಗಿ, ಅರ್ಧ ಮಾತು ಕೂಗಿ, ತಪ್ಪಿದರೂ ಹತ್ತು ಜನರ ದನಿಯಲ್ಲಿ ಮುಚ್ಚಿಹೋಗುವಂತೆ ಹಾಡುತ್ತಾನೆ. ವರ್ಷಗಳು ಕಳೆದಂತೆ ಒಂದೊಂದೇ ಹೆಜ್ಜೆ ಮುಂದಕ್ಕೆ ಬರುತ್ತಾನೆ. ಮುಂದಿನವನಿಗೆ ಗಂಟಲು ಕಟ್ಟಿದ ಒಂದು ರಾತ್ರಿ ಅವನೇ ಹಾಡನ್ನು ಎತ್ತಿಕೊಡಬೇಕಾಗುತ್ತದೆ. ಪರೀಕ್ಷೆಯೆಂದರೆ ಅದೇ ಪರೀಕ್ಷೆ, ಪದವಿಯೆಂದರೆ ಅದೇ ಪದವಿ.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಕಾಫಿಯ ಬೆಟ್ಟಗಳಲ್ಲಿ ಇಂದು ಹಾಡುವ ಕೂಟಗಳಿಗೆ ಬರವಿಲ್ಲ. ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿ ಸುಗಮ ಸಂಗೀತದ ಸಂಜೆಗಳು ಏರ್ಪಡುತ್ತವೆ. ಮೂಡಿಗೆರೆಯ ಕಡೆಯ ಹೋಬಳಿಗಳಲ್ಲಿ ವಾರಕ್ಕೊಮ್ಮೆ ಕೂಡುವ ಭಜನಾ ಮಂಡಲಿಗಳಿವೆ. ಮಹಿಳಾ ಸಂಘಗಳು ಸೋಬಾನೆಯ ತಂಡಗಳನ್ನು ಕಟ್ಟಿಕೊಂಡಿವೆ. ಮೊದಲು ಮೂಡಿಗೆರೆಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಕಳಸದಲ್ಲಿ ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳ ವೇದಿಕೆಯ ಮೇಲೆ ಜನಪದ ಗೀತೆ ಹಾಡದೆ ಕಾರ್ಯಕ್ರಮ ಮುಗಿಯುವುದಿಲ್ಲ. ಕಳೆದ ಕೆಲವು ವರ್ಷಗಳಿಂದ ಕರೋಕೆಯ ಪೆಟ್ಟಿಗೆಯೂ ಬಂದು ಸೇರಿದೆ. ಈ ಕೂಟಗಳಲ್ಲೆಲ್ಲ, ಹಾಡು ಮುಗಿದು ಕಾಫಿ ಕುಡಿಯುವ ಹೊತ್ತಿನಲ್ಲಿ, ಒಂದೇ ಒಂದು ಚರ್ಚೆ ಮತ್ತೆ ಮತ್ತೆ ತಲೆಯೆತ್ತುತ್ತದೆ: ಶ್ರುತಿ ಸೇರದವರನ್ನು ಹಾಡಗೊಡಬೇಕೆ, ಬೇಡವೆ?

ಪ್ರಶ್ನೆ ಹುಡುಗಾಟದ್ದೆಂದು ತೋರಬಹುದು. ಆದರೆ ಈ ಪ್ರಶ್ನೆಯ ಮೇಲೆ ಮಂಡಲಿಗಳು ಒಡೆದಿವೆ.

ಒಂದು ಪಕ್ಷದವರ ವಾದ ಹೀಗೆ. ವೇದಿಕೆ ಏರಿದ ಮೇಲೆ ಹವ್ಯಾಸಿ, ವೃತ್ತಿಗಾರ ಎಂಬ ಭೇದವಿಲ್ಲ; ಕೆಲಸ ಬಿಟ್ಟು ಬಂದು ಕುಳಿತ ಶ್ರೋತೃಗಳ ಒಂದು ಗಂಟೆಗೆ ಬೆಲೆಯಿದೆ. ಜನಪದ ಗೀತೆ ಎಂದ ಮಾತ್ರಕ್ಕೆ ಹೇಗೆ ಹಾಡಿದರೂ ನಡೆಯುತ್ತದೆ ಎಂದುಕೊಳ್ಳುವುದು ಜನಪದಕ್ಕೇ ಮಾಡುವ ಅವಮಾನ. ತ್ಯಾಗರಾಜರ ಕೃತಿಯನ್ನು ಕಾಗದ ನೋಡಿ ಹಾಡಿದರೆ ನಗುವ ಜನ, ಅಜ್ಜಿಯ ಸೋಬಾನೆಯನ್ನು ಮೊಬೈಲು ನೋಡಿ ಹಾಡಿದರೆ ಚಪ್ಪಾಳೆ ತಟ್ಟುವುದೇಕೆ? ಇನ್ನೊಂದು ಪಕ್ಷದವರ ವಾದವೂ ಹಗುರವಾದುದಲ್ಲ. ಈ ಹಾಡುಗಳು ಬಂದದ್ದೇ ಕಲಿಯದವರ ಬಾಯಿಂದ. ಬತ್ತದ ನಾಟಿಯ ಗದ್ದೆಯಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಯಾರು ಹಾಡಿದರು? ಇಂದು ಒಬ್ಬ ಹೆಣ್ಣುಮಗಳು ಧೈರ್ಯ ಮಾಡಿ ಎದ್ದು ನಿಂತಾಗ, ಅವಳ ಷಡ್ಜ ಅಲುಗಿತೆಂದು ಮುಖ ಸಿಂಡರಿಸಿದರೆ ಅವಳು ಮತ್ತೆ ಬಾಯಿ ತೆರೆಯುವುದಿಲ್ಲ. ಅವಳ ಮಗಳಂತೂ ತೆರೆಯುವುದೇ ಇಲ್ಲ.

ಎರಡು ಪಕ್ಷದವರೂ ಹೇಳುವುದರಲ್ಲಿ ಸತ್ಯವಿದೆ. ತೊಂದರೆ ಇರುವುದು, ಎರಡನೆಯ ಪಕ್ಷದವರ ಉದಾರತೆ ಬಹುಬೇಗ ಸೋಮಾರಿತನದ ಆಶ್ರಯವಾಗಿಬಿಡುತ್ತದೆ ಎಂಬುದರಲ್ಲಿ. ಮೊದಲನೆಯ ಪಕ್ಷದವರ ನಿಷ್ಠೆ ಅಷ್ಟೇ ಬೇಗ ಅಹಂಕಾರದ ಆಶ್ರಯವಾಗಿಬಿಡುತ್ತದೆ ಎಂಬುದರಲ್ಲಿ.

ಈ ಜಗಳ ಮಲೆನಾಡಿಗಷ್ಟೇ ಮೀಸಲಾದುದಲ್ಲ. ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧದ ತರುವಾಯ ಊರೂರಿಗೂ ಜಾನಪದ ಗಾಯನದ ಕ್ಲಬ್ಬುಗಳು ಹುಟ್ಟಿಕೊಂಡವು. ಪಾನಗೃಹಗಳ ಮಹಡಿಯ ಕೋಣೆಯಲ್ಲಿ ವಾರಕ್ಕೊಂದು ಸಂಜೆ ಸೇರುವುದು. ಆಹ್ವಾನಿತ ಗಾಯಕನೊಬ್ಬನು ಹಾಡುವ ಮೊದಲು, ಕುಳಿತವರ ನಡುವಿನಿಂದಲೇ ಎದ್ದು ಬಂದವರು ಒಂದೊಂದು ಹಾಡು ಹೇಳುವುದು. ಅಂಥವರಿಗೆ ಅಲ್ಲಿ ಫ್ಲೋರ್ ಸಿಂಗರ್ ಎಂದು ಹೆಸರು. ನೆಲದಿಂದೆದ್ದ ಹಾಡುಗಾರ ಎಂದರೆ ತಪ್ಪಾಗದು. 1961ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಸಿಂಗರ್ಸ್ ಕ್ಲಬ್ಬಿನ ಮುಂದಾಳುಗಳಾದ ಯೂವನ್ ಮೆಕಾಲ್ ಮತ್ತು ಪೆಗ್ಗಿ ಸೀಗರ್ ದಂಪತಿಗಳು ಒಂದು ಕಟ್ಟುನಿಟ್ಟಿನ ನಿಯಮವನ್ನು ಹಿಡಿದರು: ಹಾಡುವವನು ತನ್ನ ನುಡಿಯ, ತನ್ನ ನೆಲದ ಹಾಡನ್ನೇ ಹಾಡಬೇಕು. ಈ ನಿಯಮದ ಹುಟ್ಟನ್ನು ಕುರಿತು ಪೆಗ್ಗಿ ಸೀಗರ್ ಹೇಳಿಕೊಂಡಿರುವ ಪ್ರಸಂಗ ರಸವತ್ತಾಗಿದೆ. ಅಪ್ಪಟ ಲಂಡನ್ನಿನ ಉಚ್ಚಾರಣೆಯ ಒಬ್ಬ ತರುಣ, ಅಮೆರಿಕದ ಲೆಡ್‌ಬೆಲ್ಲಿ ಹಾಡಿ ಹೆಸರುಗೊಳಿಸಿದ್ದ ರೈಲಿನ ಹಾಡನ್ನು ಎತ್ತಿಕೊಂಡನಂತೆ. ಅಮೆರಿಕದಲ್ಲೇ ಹುಟ್ಟಿ ಬೆಳೆದಿದ್ದ ಆಕೆಗೆ ನಗು ತಡೆಯಲಾಗಲಿಲ್ಲವಂತೆ.

ನಕ್ಕದ್ದು ಸರಿಯೇ ಎಂಬುದು ಬೇರೆ ಮಾತು. ಗಮನಿಸತಕ್ಕದ್ದೆಂದರೆ, ಆ ಕ್ಲಬ್ಬಿನವರು ನಿಯಮ ಮಾಡಿ ಸುಮ್ಮನಾಗಲಿಲ್ಲ. 1964ರಿಂದ ಮುಂದಕ್ಕೆ ಹಲವು ವರ್ಷ, ಮೆಕಾಲ್ ದಂಪತಿಗಳ ಸುತ್ತ ಎಳೆಯ ಹಾಡುಗಾರರ ಒಂದು ಗುಂಪು ಕ್ರಮವಾಗಿ ಸೇರುತ್ತಿತ್ತು. ಒಬ್ಬರು ಹಾಡುವುದು, ಉಳಿದವರು ಅದರ ಗುಣದೋಷಗಳನ್ನು ಬಿಚ್ಚಿ ಹೇಳುವುದು. ಉಸಿರಿನ ಅಭ್ಯಾಸ, ದನಿಯ ಅಭ್ಯಾಸ, ಹಾಡಿನ ಹಿನ್ನೆಲೆಯ ಅಧ್ಯಯನ ಎಲ್ಲವೂ ಅಲ್ಲಿ ನಡೆಯುತ್ತಿತ್ತು. ಜಾನಪದಕ್ಕೆ ಇಷ್ಟೆಲ್ಲ ಶಿಸ್ತೇ ಎಂದು ಹೊರಗಿನವರು ಹಾಸ್ಯ ಮಾಡಿದರು. ಒಳಗಿದ್ದವರಲ್ಲೇ ಕೆಲವರು ಬೇಸತ್ತು ಹೊರನಡೆದರು. ಆದರೂ ಆ ಗುಂಪಿನಿಂದ ಒಳ್ಳೆಯ ಹಾಡುಗಾರರು ಬಂದರೆಂಬುದನ್ನು ವಿರೋಧಿಗಳೂ ಅಲ್ಲಗಳೆಯಲಿಲ್ಲ. ತಪ್ಪು ತೋರಿಸುವ ಕೆಲಸ ವೇದಿಕೆಯ ಮೇಲಲ್ಲ, ಮನೆಯ ಕೋಣೆಯಲ್ಲಿ ನಡೆಯುತ್ತಿತ್ತು ಎಂಬುದೇ ಅದರಲ್ಲಿ ಮುಖ್ಯವಾದ ಅಂಶ.

ನಮ್ಮ ದೇಶದಲ್ಲಿ ಹಾಡುಗಾರಿಕೆಗೆ ಮಟ್ಟವನ್ನು ಗೊತ್ತುಮಾಡುವ ಕೆಲಸವನ್ನು ಬಹು ಕಾಲ ನಿರ್ವಹಿಸಿದ್ದು ಆಕಾಶವಾಣಿ. ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳು. 1965ರಲ್ಲಿ ಭದ್ರಾವತಿಯಲ್ಲಿಯೂ 1991ರಲ್ಲಿ ಹಾಸನದಲ್ಲಿಯೂ ನಿಲಯಗಳು ಆರಂಭವಾದ ಮೇಲೆ ಕಾಫಿಯ ಸೀಮೆಯ ಹಾಡುಗಾರರಿಗೆ ಬೆಂಗಳೂರಿನವರೆಗೆ ಅಲೆಯುವ ಶ್ರಮ ತಪ್ಪಿತು. ಕೆಂಪು ದೀಪ ಹೊತ್ತಿಕೊಂಡ ಕೋಣೆಯಲ್ಲಿ, ಗಾಜಿನ ಆಚೆಗಿನ ಅಪರಿಚಿತ ಮುಖಗಳ ಎದುರು ಹಾಡಿ ತೇರ್ಗಡೆಯಾಗುವುದೆಂದರೆ ಆ ಕಾಲದಲ್ಲಿ ಊರಿಗೇ ಹೆಮ್ಮೆಯ ವಿಷಯ. ರೇಡಿಯೋದಲ್ಲಿ ಹಾಡಿದವರು ಎಂಬ ಒಂದು ಮಾತು ಮದುವೆಯ ಆಮಂತ್ರಣ ಪತ್ರಿಕೆಯಲ್ಲೂ ಅಚ್ಚಾಗುತ್ತಿದ್ದ ದಿನಗಳುಂಟು.

ಆದರೆ ಮಟ್ಟ ಗೊತ್ತುಮಾಡುವವರೂ ಎಡವುವುದುಂಟು. ಇದೇ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ವಾದ್ಯವನ್ನೇ ತನ್ನ ಕೋಣೆಯಿಂದ ಹೊರಗಿಟ್ಟಿತ್ತು. ಅದರ ಮನೆಗಳು ಗಟ್ಟಿಯಾಗಿ ನಿಂತ ಸ್ವರಗಳನ್ನಷ್ಟೇ ನುಡಿಯಬಲ್ಲವು, ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಸಂಗೀತಕ್ಕೆ ಅದು ಒಗ್ಗದು ಎಂಬುದು ವಿದ್ವಾಂಸರ ಆಕ್ಷೇಪಣೆ. ಆಕ್ಷೇಪಣೆಯಲ್ಲಿ ಹುರುಳಿತ್ತು. ಆದರೆ ಅದೇ 31 ವರ್ಷಗಳಲ್ಲಿ ಮಲೆನಾಡಿನ ಭಜನೆಯ ಮನೆಗಳಲ್ಲಿ, ನಾಟಕದ ಕಂಪನಿಗಳ ಡೇರೆಗಳಲ್ಲಿ, ಸಾವಿರಾರು ಹವ್ಯಾಸಿಗಳ ದನಿಗೆ ಆಸರೆಯಾಗಿ ನಿಂತದ್ದು ಅದೇ ಪೆಟ್ಟಿಗೆ. ಶ್ರುತಿ ಎಂದರೇನೆಂಬುದು ಎಷ್ಟೋ ಮಂದಿಗೆ ಮೊದಲು ತಿಳಿದದ್ದು ಅದರಿಂದ. ಹಾಗೆಂದು ಹಾರ್ಮೋನಿಯಂ ನಿರಪರಾಧಿಯೇನೂ ಅಲ್ಲ. ನಾಲ್ಕೈದು ಸ್ವರಗಳ ಒಳಗೇ ಸುತ್ತುತ್ತ, ಅವುಗಳ ನಡುವಿನ ಸಂದುಗಳಲ್ಲಿ ಸುಳಿಯುತ್ತಿದ್ದ ಹಳೆಯ ಹಾಡುಗಳ ಧಾಟಿಯನ್ನು ಅದು ಎಷ್ಟೋ ಕಡೆ ಇಸ್ತ್ರಿ ಹಾಕಿದಂತೆ ಮಟ್ಟಸಗೊಳಿಸಿದೆ. ಕೇಳಿ ಬಲ್ಲವರಿಗೆ ಇದು ಗೊತ್ತು.

ಜನಪದ ಗೀತೆ ಅಂಗಳದಿಂದ ಕಛೇರಿಯ ವೇದಿಕೆಗೆ ಏರಿದ ಕಥೆಯನ್ನು ಹೇಳುವಾಗ ಪಿ. ಕಾಳಿಂಗರಾಯರನ್ನು ನೆನೆಯದೆ ಇರಲಾಗದು. ಉಡುಪಿ ಸೀಮೆಯ ಆರೂರಿನಲ್ಲಿ 1914ರಲ್ಲಿ ಹುಟ್ಟಿದ ಅವರು ಮೋಹನಕುಮಾರಿ, ಸೋಹನಕುಮಾರಿಯರೊಡನೆ ನಾಡೆಲ್ಲ ಸುತ್ತಿ, ಹಳ್ಳಿಯ ಹಾಡಿಗೆ ಪಟ್ಟಣದ ಸಭೆಯಲ್ಲಿ ಮರ್ಯಾದೆಯ ಪೀಠವನ್ನು ದೊರಕಿಸಿದರು. ಅವರದು ಪಳಗಿದ ಶಾರೀರ. ಶಾಸ್ತ್ರೀಯ ಸಂಗೀತವನ್ನು ಬಲ್ಲ ಶಾರೀರ. ಅದರಿಂದ ಒಂದು ಲಾಭವಾಯಿತು, ಒಂದು ಇಕ್ಕಟ್ಟೂ ಆಯಿತು. ಲಾಭವೆಂದರೆ, ಹಳ್ಳಿಯ ಹಾಡು ಕೀಳಲ್ಲವೆಂದು ಪೇಟೆಯವರಿಗೆ ಮನವರಿಕೆಯಾದದ್ದು. ಇಕ್ಕಟ್ಟೆಂದರೆ, ಆಮೇಲೆ ಬಂದ ಹವ್ಯಾಸಿಗಳೆಲ್ಲ ಹಾಡನ್ನು ಹಳ್ಳಿಯಿಂದಲ್ಲದೆ ಅವರ ಧ್ವನಿಮುದ್ರಿಕೆಯಿಂದ ಕಲಿಯತೊಡಗಿದ್ದು. ತಮ್ಮ ಮನೆಯ ಹಿತ್ತಿಲಲ್ಲೇ ಅಜ್ಜಿ ಹಾಡುತ್ತಿದ್ದ ಹಾಡು ಬೇರೆ ಧಾಟಿಯಲ್ಲಿದ್ದರೆ, ಅಜ್ಜಿಯ ಧಾಟಿಯೇ ತಪ್ಪೆಂದು ಮೊಮ್ಮಕ್ಕಳು ತಿದ್ದಿದ ಪ್ರಸಂಗಗಳಿಗೆ ಲೆಕ್ಕವಿಲ್ಲ!

ಇದಕ್ಕೆ ಪ್ರತಿಯಾಗಿ, ಮೂಡಿಗೆರೆಯ ನೆರೆಯ ಸಕಲೇಶಪುರದ ಎಸ್. ಕೆ. ಕರೀಂಖಾನರ ದಾರಿ ಬೇರೆ. ಜಾನಪದ ಜಂಗಮರೆಂದೇ ಹೆಸರಾಗಿ, ನೂರರ ಆಸುಪಾಸಿನವರೆಗೆ ಬದುಕಿ 2006ರಲ್ಲಿ ತೀರಿಕೊಂಡ ಅವರು, ಹಾಡನ್ನು ಹುಡುಕುತ್ತ ಹಳ್ಳಿಗೆ ಹೋಗಿ, ಕೇಳಿದ್ದನ್ನು ಸಭೆಗಳಲ್ಲಿ ತಾವೇ ಹಾಡಿ, ಅದರ ಅರ್ಥವನ್ನು ಬಿಡಿಸಿ ಹೇಳುತ್ತಿದ್ದರು. ಚಿಕ್ಕಮಗಳೂರು ಜಿಲ್ಲೆಗೂ ಈ ಕೆಲಸ ಹೊಸತಲ್ಲ. ತರೀಕೆರೆ ತಾಲ್ಲೂಕಿನ ಗೊಂಡೇದಹಳ್ಳಿಯಲ್ಲಿ ಹುಟ್ಟಿ, 2024ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಅಲಂಕರಿಸಿದ ಗೊ. ರು. ಚನ್ನಬಸಪ್ಪನವರು ಚಿಕ್ಕಂದಿನಿಂದಲೂ ಗ್ರಾಮಗೀತೆಗಳ ಬೆನ್ನು ಹತ್ತಿದವರು; 1967ರಲ್ಲಿ ತರೀಕೆರೆಯಲ್ಲಿ ಅಖಿಲ ಕರ್ನಾಟಕ ಜಾನಪದ ಸಮ್ಮೇಳನ ನಡೆದುದರ ಹಿಂದೆಯೂ ಅವರ ದುಡಿಮೆಯಿತ್ತು.

ಈ ಸೀಮೆಯ ಹಾಡಿನ ಸಂಪತ್ತೂ ಒಂದೇ ಬಗೆಯದಲ್ಲ. ಮೂಡಿಗೆರೆಯ ಕಡೆಗೆ ಸುಗ್ಗಿಯ ಕುಣಿತ, ಅದರೊಡನೆ ಬರುವ ಪದಗಳು. ಮದುವೆಯ ಮನೆಗಳಲ್ಲಿ ಸೋಬಾನೆ. ಚಾರ್ಮಾಡಿ ಘಟ್ಟವನ್ನು ಹತ್ತಿ ತೋಟದ ಕೆಲಸಕ್ಕೆ ಬಂದ ತುಳುನಾಡಿನ ಒಕ್ಕಲುಗಳು ತಮ್ಮೊಡನೆ ಪಾಡ್ದನವನ್ನು ತಂದರು; ತಮಿಳು ಸೀಮೆಯಿಂದ ಬಂದವರು ತಮ್ಮ ಹಾಡುಗಳನ್ನು ತಂದರು. ಹಣ್ಣು ಕೀಳುವ ತಿಂಗಳುಗಳಲ್ಲಿ ಒಂದೇ ತೋಟದ ಸಾಲುಗಳಲ್ಲಿ ಮೂರು ನುಡಿಯ ಹಾಡು ಕೇಳಿಬರುತ್ತಿದ್ದ ಕಾಲವೊಂದಿತ್ತು. ಕ್ಲಬ್ಬು, ಸಂಘಗಳ ವೇದಿಕೆಗೆ ಈ ಹಾಡುಗಳಲ್ಲಿ ಬಂದು ಸೇರಿದ್ದು ಎಷ್ಟು ಅಲ್ಪ ಎಂಬುದನ್ನು ನೆನೆದರೆ ಮನಸ್ಸಿಗೆ ಖೇದವಾಗುತ್ತದೆ. ವೇದಿಕೆಯ ಮೇಲೆ ಮತ್ತೆ ಮತ್ತೆ ಕೇಳಿಬರುವುದು, ಕ್ಯಾಸೆಟ್ಟುಗಳ ಕಾಲದಿಂದ ಎಲ್ಲರ ಕಿವಿಗೂ ಪರಿಚಿತವಾದ ಹತ್ತು ಹನ್ನೆರಡು ಹಾಡುಗಳು ಮಾತ್ರ.

ಸ್ಪರ್ಧೆಗಳು ಇದನ್ನು ಸರಿಪಡಿಸಬಹುದಾಗಿತ್ತು. ಶಾಲೆಗಳ ಪ್ರತಿಭಾ ಕಾರಂಜಿಯಲ್ಲಿ ಜನಪದ ಗೀತೆಗೆ ಸ್ಥಾನವಿದೆ; ಯುವಜನ ಮೇಳಗಳಲ್ಲಿ ಸೋಬಾನೆ, ಲಾವಣಿ, ಗೀಗೀ ಪದ, ಭಜನೆ, ಕೋಲಾಟಗಳಿಗೆ ಬೇರೆ ಬೇರೆ ಬಹುಮಾನಗಳಿವೆ. ಹಳ್ಳಿಯ ಮಗು ಮೊಟ್ಟಮೊದಲು ಧ್ವನಿವರ್ಧಕದ ಮುಂದೆ ನಿಲ್ಲುವುದು ಸಾಮಾನ್ಯವಾಗಿ ಇಂಥ ಕಡೆಯೇ. ಅಷ್ಟರಮಟ್ಟಿಗೆ ಇವು ಉಪಕಾರಿಗಳು. ಆದರೆ ನಡೆಯುವುದೇನು? ಹುಡುಗನಿಗೆ ಕೆಂಪು ರುಮಾಲು, ಕಾಡಿಗೆಯ ಮೀಸೆ, ಮೊಣಕಾಲಿನವರೆಗೆ ಕಟ್ಟಿದ ಪಂಚೆ. ಹುಡುಗಿಗೆ ಇಳಕಲ್ ಸೀರೆ, ಸೊಂಟದಲ್ಲೊಂದು ಖಾಲಿ ಕೊಡ. ಕಳಸದ ಮಗು ಉತ್ತರ ಕರ್ನಾಟಕದ ಉಡುಪು ತೊಟ್ಟು, ಹಳೆಯ ಮೈಸೂರಿನ ದೇವರ ಹಾಡನ್ನು ಸಿನಿಮಾದ ಧಾಟಿಯಲ್ಲಿ ಹಾಡಿದರೆ ಅದು ಮಲೆನಾಡಿನ ಜನಪದ! ಮೂರು ನಿಮಿಷದಲ್ಲಿ ಗಂಟೆ ಬಾರಿಸುತ್ತದೆ. ನಿರ್ಣಾಯಕರು ಅಂಕಗಳನ್ನು ಕೂಡಿಸುತ್ತಾರೆ. ಸೋತ ಮಗುವಿಗೆ ತಾನು ಎಲ್ಲಿ ತಪ್ಪಿದೆನೆಂಬುದು ತಿಳಿಯುವುದೇ ಇಲ್ಲ, ಗೆದ್ದ ಮಗುವಿಗೂ ತಾನೇಕೆ ಗೆದ್ದೆನೆಂಬುದು ತಿಳಿಯದು.

ತಪ್ಪನ್ನು ತಿಳಿಸಿ ಹೇಳುವುದಕ್ಕೂ ಒಂದು ಕಲೆ ಬೇಕು. ಈಟಿವಿ ಕನ್ನಡ ವಾಹಿನಿಯಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಹಲವು ವರ್ಷ ನಡೆಸಿಕೊಟ್ಟ ಹಾಡಿನ ಸ್ಪರ್ಧೆಯನ್ನು ಕನ್ನಡದ ಮನೆಮನೆಯವರೂ ನೋಡಿದ್ದಾರೆ. ಮೊದಲು ಮಗುವಿನ ಹಾಡಿನಲ್ಲಿ ಚೆನ್ನಾಗಿದ್ದುದನ್ನು ಹೆಸರಿಸಿ, ಆಮೇಲೆ ಜಾರಿದ ಸ್ವರವನ್ನು ತಾವೇ ಹಾಡಿ ತೋರಿಸಿ, ಅದರ ನಡುವೆ ತಮ್ಮದೇ ಹಳೆಯ ತಪ್ಪೊಂದನ್ನು ಹೇಳಿ ನಗಿಸುತ್ತಿದ್ದ ಅವರ ರೀತಿಯನ್ನು ಜನ ಇನ್ನೂ ಮರೆತಿಲ್ಲ. ತಪ್ಪನ್ನು ಅವರು ಮುಚ್ಚಿಡುತ್ತಿರಲಿಲ್ಲ ಎಂಬುದನ್ನು ಮಾತ್ರ ಅನೇಕರು ಮರೆತಿದ್ದಾರೆ.

ಹಾಗಾದರೆ ಹವ್ಯಾಸಿ ಜನಪದ ಹಾಡುಗಾರನಿಂದ ಅಪೇಕ್ಷಿಸಬೇಕಾದುದು ಏನು? ಮೊದಲನೆಯದಾಗಿ ಬಾಯಿಪಾಠ. ಇದರಲ್ಲಿ ರಿಯಾಯಿತಿ ಸಲ್ಲದೆಂಬುದು ಬಹುಮಂದಿ ಅನುಭವಿಗಳ ಮತ. ಶಾರೀರ ದೈವದತ್ತವಾದದ್ದು, ಶ್ರುತಿಜ್ಞಾನ ಅಭ್ಯಾಸದಿಂದ ನಿಧಾನವಾಗಿ ಬರತಕ್ಕದ್ದು. ಆದರೆ ಹಾಡಿನ ಮಾತುಗಳನ್ನು ಕಲಿಯುವುದಕ್ಕೆ ದೈವವೂ ಬೇಡ, ಗುರುವೂ ಬೇಡ, ತೋಟದ ದಾರಿಯಲ್ಲಿ ನಡೆಯುವ ಅರ್ಧ ಗಂಟೆ ಸಾಕು. ಕೈಯಲ್ಲಿ ಮೊಬೈಲು ಹಿಡಿದು ಅದರ ಬೆಳಕಿಗೆ ಮುಖ ಕೊಟ್ಟು ಹಾಡುವವನು ಶ್ರೋತೃಗಳ ಮುಖವನ್ನು ನೋಡಲಾರ. ಸೊಲ್ಲು ಹಿಡಿಯಿರೆಂದು ಅವರನ್ನು ಕರೆಯಲೂ ಆರ. ಸೊಲ್ಲು ಹಿಡಿಯುವವರಿಲ್ಲದ ಮೇಲೆ ಜನಪದ ಗೀತೆ ಭಾವಗೀತೆಯಾಗಿಬಿಡುತ್ತದೆ. ಭಾವಗೀತೆಗೆ ಬೇಕಾದ ಶಾರೀರವೋ ಅವನಲ್ಲಿರುವುದಿಲ್ಲ.

ಎರಡನೆಯದು ಶ್ರುತಿಯ ಆಯ್ಕೆ. ಹವ್ಯಾಸಿಗಳಲ್ಲಿ ಅಪಸ್ವರವೆಂದು ಎಣಿಸುವ ದೋಷದಲ್ಲಿ ಬಹು ಪಾಲು ನಿಜವಾಗಿ ಅಪಸ್ವರವಲ್ಲ. ತನ್ನದಲ್ಲದ ಶ್ರುತಿಯಲ್ಲಿ ಹಾಡಿದುದರ ಫಲ. ಗಂಡಸರ ದನಿ ಸಾಮಾನ್ಯವಾಗಿ ಹಾರ್ಮೋನಿಯಂನ ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡರ ಆಸುಪಾಸಿನಲ್ಲಿ ಸುಖವಾಗಿ ನಿಲ್ಲುತ್ತದೆ. ಹೆಂಗಸರದು ಅಲ್ಲಿಂದ ಮೂರು ನಾಲ್ಕು ಬಿಳಿ ಮನೆಗಳಷ್ಟು ಮೇಲೆ, ಬಿಳಿ ಐದರ ಸುತ್ತುಮುತ್ತು. ಕರೋಕೆಯ ಪೆಟ್ಟಿಗೆಗೆ ಈ ವಿವೇಕವಿಲ್ಲ. ಹೆಸರಾಂತ ಹಿನ್ನೆಲೆ ಗಾಯಕನೊಬ್ಬನ ಶ್ರುತಿಗೆ ಕಟ್ಟಿದ ವಾದ್ಯಮೇಳದೊಡನೆ ಬ್ಯಾಂಕಿನ ಗುಮಾಸ್ತರೊಬ್ಬರು ಹಾಡಹೊರಟರೆ ತಾರಸ್ಥಾಯಿಯಲ್ಲಿ ಕಿರುಚದೆ ಬೇರೆ ಗತಿಯೇನು? ಶ್ರುತಿಯನ್ನು ಒಂದೆರಡು ಮನೆ ಇಳಿಸುವ ಗುಂಡಿ ಈಗಿನ ಯಂತ್ರಗಳಲ್ಲಿ ಇದೆ. ಅದನ್ನು ಮುಟ್ಟುವವರು ಕಡಿಮೆ. ಇಳಿಸಿ ಹಾಡುವುದು ಗೌರವಕ್ಕೆ ಕಡಿಮೆಯೆಂದು ಯಾರು ಹೇಳಿಕೊಟ್ಟರೋ ತಿಳಿಯದು.

ಭಜನಾ ಮಂಡಲಿಗಳ ಮಟ್ಟಿಗೆ ಈ ಶಿಕ್ಷಣದ ಕೆಲಸ ಘಟ್ಟದ ಕೆಳಗೆ ವ್ಯವಸ್ಥಿತವಾಗಿ ನಡೆಯುತ್ತಿದೆ. ಧರ್ಮಸ್ಥಳದಲ್ಲಿ ವರ್ಷಕ್ಕೊಮ್ಮೆ ಭಜನಾ ತರಬೇತಿ ಕಮ್ಮಟ ಏರ್ಪಡುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿಯನ್ನು ಇಳಿದರೆ ಉಜಿರೆ, ಅಲ್ಲಿಂದ ಧರ್ಮಸ್ಥಳ ಹತ್ತಿರವೇ. ಬೇರೆ ಬೇರೆ ಊರಿನ ಮಂಡಲಿಗಳ ಸದಸ್ಯರು ಕೆಲವು ದಿನ ಅಲ್ಲಿ ತಂಗಿ, ರಾಗ, ತಾಳ, ಉಚ್ಚಾರಣೆ, ನೃತ್ಯ ಭಜನೆಯ ಹೆಜ್ಜೆ, ಇವುಗಳ ಜೊತೆಗೆ ಮಂಡಲಿಯನ್ನು ನಡೆಸುವ ಶಿಸ್ತನ್ನೂ ಕಲಿತು ಹಿಂದಿರುಗುತ್ತಾರೆ. ಕಲಿತವನು ಊರಿಗೆ ಹೋಗಿ ಉಳಿದವರಿಗೆ ಕಲಿಸಬೇಕೆಂಬುದೇ ಏರ್ಪಾಟಿನ ಉದ್ದೇಶ. ಇಲ್ಲಿ ಶ್ರೇಣಿಯಿಲ್ಲ, ಸೋಲು ಗೆಲುವುಗಳ ಅಂಕವಿಲ್ಲ. ಎಲ್ಲ ಊರಿನ ಭಜನೆಯೂ ಒಂದೇ ಅಚ್ಚಿನದಾಗಿಬಿಡುವ ಅಪಾಯ ಇಂಥ ಕಮ್ಮಟಗಳಿಗೆ ಇದ್ದೇ ಇದೆ. ಆದರೆ ತಾಳ ಹಿಡಿಯಲು ಬಾರದ ಕೈಗೆ ತಾಳವನ್ನು ಕಲಿಸುವುದರಿಂದ ಯಾವ ಊರಿನ ವೈಶಿಷ್ಟ್ಯವೂ ಕೆಟ್ಟದ್ದು ಕಾಣೆ.

ಹವ್ಯಾಸಿಯೆಂಬ ಮಾತನ್ನು ಕೀಳಾಗಿ ಬಳಸುವವರು ಶಿವಮೊಗ್ಗ ಸುಬ್ಬಣ್ಣನವರನ್ನು ಒಮ್ಮೆ ನೆನೆಯಬೇಕು. 1938ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಮಲೆನಾಡಿನ ಮಳೆಯ ನಡುವೆ ಹುಟ್ಟಿದ ಅವರು ಹೊಟ್ಟೆಪಾಡಿಗೆ ವಕೀಲರು. ನ್ಯಾಯಾಲಯದ ಕರಿ ಕೋಟನ್ನು ಕಳಚಿಟ್ಟು ಸಂಜೆ ಹಾಡುತ್ತಿದ್ದವರು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರಕ್ಕಾಗಿ, ಜಾನಪದದ ಮಟ್ಟಿನಲ್ಲಿ ಕಟ್ಟಿದ ಹಾಡೊಂದನ್ನು ಹಾಡಿ, 1978ರ ಸಾಲಿನ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆಗಲೂ ಅವರು ವಕೀಲಿಯನ್ನು ಬಿಡಲಿಲ್ಲ. 2022ರಲ್ಲಿ ಅವರು ತೀರಿಕೊಂಡಾಗ ಮಲೆನಾಡಿನ ಅದೆಷ್ಟೋ ಸಣ್ಣ ಊರುಗಳ ಕೂಟಗಳಲ್ಲಿ, ಅವರಂತೆ ಹಾಡಲು ಹೋಗಿ ಗಂಟಲು ಒಡೆದುಕೊಂಡಿದ್ದ ಹವ್ಯಾಸಿಗಳೇ ಸೇರಿ ಅವರ ಹಾಡುಗಳನ್ನು ಹಾಡಿದರು.

ಇನ್ನು ಸೋಬಾನೆಯ ಮುದುಕಿಯರ ವಿಷಯ. ಇಲ್ಲಿ ಮಟ್ಟದ ಪ್ರಶ್ನೆಯೇ ತಲೆಕೆಳಗಾಗುತ್ತದೆ. ಎಪ್ಪತ್ತು ದಾಟಿದ ಹೆಂಗಸಿನ ದನಿ ನಡುಗುತ್ತದೆ. ಉಸಿರು ಸಾಲಿನ ಕೊನೆಯವರೆಗೆ ಸಾಲದು. ಧ್ವನಿವರ್ಧಕವನ್ನು ಕಂಡರೆ ಮುಖ ಆಚೆಗೆ ತಿರುಗುತ್ತದೆ. ಶ್ರೇಣಿಯ ಲೆಕ್ಕದಲ್ಲಿ ಆಕೆ ನಪಾಸು. ಆದರೆ ಧಾರೆಗೆ ಯಾವುದು, ಹಸೆಗೆ ಕರೆಯುವಾಗ ಯಾವುದು, ಎಣ್ಣೆಯೊತ್ತುವಾಗ ಯಾವುದು, ಹೆಣ್ಣನ್ನು ಒಪ್ಪಿಸಿಕೊಡುವಾಗ ಯಾವುದು ಎಂದು ಒಂದೊಂದು ಶಾಸ್ತ್ರಕ್ಕೂ ಒಂದೊಂದು ಹಾಡು ಆಕೆಯ ನೆನಪಿನಲ್ಲಿದೆ. ಜೊತೆಗೆ ನಿಂತ ಸೊಸೆಗೆ ಇಂಪಾದ ಶಾರೀರವಿದೆ, ಹಾಡಿಲ್ಲ.

ಕೆಲವು ಮಹಿಳಾ ತಂಡಗಳು ಇದಕ್ಕೆ ಕಂಡುಕೊಂಡಿರುವ ಉಪಾಯ ಸರಳವಾಗಿದೆ. ಮುದುಕಿಯನ್ನು ನಡುವೆ ಕೂರಿಸುತ್ತಾರೆ. ಆಕೆ ತನ್ನ ಶ್ರುತಿಯಲ್ಲಿ, ತನ್ನ ನಡುಗುವ ದನಿಯಲ್ಲಿ ಸಾಲನ್ನು ಎತ್ತಿಕೊಡುತ್ತಾಳೆ. ಎಳೆಯವರು ಅದೇ ಶ್ರುತಿಯಲ್ಲಿ ಅದನ್ನು ಹಿಡಿಯುತ್ತಾರೆ. ಹಾರ್ಮೋನಿಯಂ ಇದ್ದರೆ ಅದು ಆಕೆಯ ಹಿಂದೆ ಹೋಗಬೇಕು, ಆಕೆ ಅದರ ಹಿಂದೆ ಹೋಗುವುದಿಲ್ಲ. ಸಭೆಯಲ್ಲಿ ಕುಳಿತವರಿಗೆ ಕೇಳುವುದು ಎಳೆಯರ ದನಿ; ಹಾಡು ಮಾತ್ರ ಮುದುಕಿಯದು. ಧ್ವನಿವರ್ಧಕವನ್ನು ಯಾರ ಮುಂದೆ ಇಡಬೇಕೆಂಬ ಬಗ್ಗೆ ಸಂಘಟಕರೊಡನೆ ಆಗಾಗ ಜಗಳವಾಗುತ್ತದೆ. ಸಂಘಟಕರು ಅದನ್ನು ಚೆನ್ನಾಗಿ ಹಾಡುವವರ ಮುಂದೆ ಇಡುತ್ತಾರೆ. ತಂಡದವರು ಎದ್ದು ಬಂದು ಅದನ್ನು ಮತ್ತೆ ನಡುವಿಗೆ ಸರಿಸುತ್ತಾರೆ.

ಅಂಟಿಗೆ-ಪಂಟಿಗೆಯ ಮುಂದಾಳುಗಳ ಪಾಡೂ ಇಂಥದೇ. ಹಾಡು ಬಲ್ಲವರ ತಲೆ ಬೆಳ್ಳಗಾಗಿದೆ. ಹುಡುಗರು ಬೆಂಗಳೂರಿನಲ್ಲಿದ್ದಾರೆ, ಹಬ್ಬಕ್ಕೆ ಮೂರು ದಿನ ರಜೆ ಹಾಕಿ ಬರುತ್ತಾರೆ. ಬಂದ ಹುಡುಗರನ್ನು ತಪ್ಪು ಹಾಡಿದರೆಂದು ಗದರಿಸಿದರೆ ಬರುವ ವರ್ಷ ಅವರು ಮನೆಯಲ್ಲೇ ಮಲಗಿರುತ್ತಾರೆ. ಗದರಿಸದೆ ಬಿಟ್ಟರೆ, ಮುಂದಿನವರು ಇಲ್ಲವಾದ ದಿನ ತಂಡದಲ್ಲಿ ಕೂಗು ಮಾತ್ರ ಉಳಿಯುತ್ತದೆ. ಕೆಲವೆಡೆ ಈಗ ಹಬ್ಬಕ್ಕೆ ಎರಡು ವಾರ ಮೊದಲೇ ಹಿರಿಯರ ಹಾಡನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಊರು ಬಿಟ್ಟವರಿಗೆ ಕಳುಹಿಸುತ್ತಾರೆ. ಯಂತ್ರದ ಮುಂದೆ ಹಿರಿಯರಿಗೆ ಮಾತು ಮರೆತುಹೋಗುತ್ತದೆ. ನಡೆಯುತ್ತ ಹಾಡಿದರೆ ಮಾತ್ರ ನೆನಪು ಬರುತ್ತದೆ. ಆದ್ದರಿಂದ ಧ್ವನಿಮುದ್ರಿಸುವವನೂ ಅವರ ಜೊತೆಯಲ್ಲಿ ಗದ್ದೆಯಂಚಿನ ಮೇಲೆ ನಡೆಯಬೇಕಾಗುತ್ತದೆ.

ಹಬ್ಬದ ರಾತ್ರಿ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ದಾರಿಯಲ್ಲಿ, ತೋಟದ ಕತ್ತಲೆಯಲ್ಲಿ ತಂಡ ಹಾಡುವುದನ್ನು ನಿಲ್ಲಿಸುತ್ತದೆ. ತಿದ್ದುವುದು ಆಗ. ಕೊನೆಯವನಾಗಿ ನಡೆಯುತ್ತಿರುವ ಹುಡುಗನ ಪಕ್ಕಕ್ಕೆ ಮುಂದಾಳು ಬಂದು, ಹಿಂದಿನ ಅಂಗಳದಲ್ಲಿ ಅವನು ನುಂಗಿದ ಸಾಲನ್ನು ಮೆಲ್ಲಗೆ ಒಮ್ಮೆ ಹೇಳುತ್ತಾನೆ, ಹುಡುಗ ಮರಳಿ ಹೇಳುತ್ತಾನೆ, ಮತ್ತೊಮ್ಮೆ. ಉಳಿದವರು ಕಾಲ ಬುಡದ ಜಿಗಣೆಯನ್ನು ನೋಡಿಕೊಳ್ಳುತ್ತ ಮುಂದೆ ನಡೆದಿರುತ್ತಾರೆ. ದೀಪ ಹಿಡಿದವನು ಕೈಯನ್ನು ಗಾಳಿಗೆ ಅಡ್ಡವಾಗಿಟ್ಟುಕೊಂಡು, ಇವರಿಬ್ಬರೂ ಬಂದು ಸೇರುವವರೆಗೆ ತಡಬೆಯ ಬಳಿ ನಿಂತಿರುತ್ತಾನೆ. ಮುಂದಿನ ಮನೆಯ ನಾಯಿ ಆಗಲೇ ಬೊಗಳತೊಡಗಿರುತ್ತದೆ.